ಮೇಸ್ತ್ರಿಯ ಎರಡು ಬೆರಳು

ಊರಿನ ಕಾರು ಶೆಡ್ಡುಗಳಲ್ಲೆಲ್ಲ ಅವನು ಕೂದಲೆಳೆ ಮೇಸ್ತ್ರಿ. ಹೆಂಡತಿಯೊಬ್ಬಳು ಮಾತ್ರ ಹಾಗೆ ಕರೆಯುತ್ತಿರಲಿಲ್ಲ. ಅವಳು ‘ರೀ’ ಅನ್ನುತ್ತಿದ್ದಳು, ಅದಕ್ಕೂ ಓಗೊಡದಿದ್ದರೆ ಪಾತ್ರೆ ಕುಕ್ಕುತ್ತಿದ್ದಳು.

ಆ ಹೆಸರು ಸುಮ್ಮನೆ ಬಂದದ್ದಲ್ಲ. ರೇಸ್ ಕಾರಿನ ಎಂಜಿನ್ನಿನಲ್ಲಿ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಕೂದಲಷ್ಟು ಸಂದು ಬಿಡಬೇಕು. ಹೆಚ್ಚಾದರೆ ಎಂಜಿನ್ ಕಟಕಟ ಎನ್ನುತ್ತದೆ. ಕಡಿಮೆಯಾದರೆ ವಾಲ್ವ್ ಪೂರ್ತಿ ಮುಚ್ಚಿಕೊಳ್ಳದೆ ಬೆಂಕಿಗೆ ಸುಟ್ಟುಹೋಗುತ್ತದೆ. ಫೀಲರ್ ಗೇಜಿನ ತೆಳ್ಳಗಿನ ಉಕ್ಕಿನ ಪಟ್ಟಿಯನ್ನು ಆ ಸಂದಿಗೆ ತೂರಿಸಿ ಎಳೆದಾಗ ಬೆರಳಿಗೆ ಎಷ್ಟು ಹಿಡಿತ ಸಿಗುತ್ತದೋ ಅದನ್ನು ನೋಡಿಕೊಂಡು ಸ್ಕ್ರೂ ತಿರುಗಿಸಬೇಕು. ಬೇರೆಯವರು ಒಂದೊಂದನ್ನು ಮೂರು ಮೂರು ಸಲ ಎಳೆದು ನೋಡಿ, ಕೊನೆಗೂ ಅನುಮಾನದಲ್ಲೇ ಕೈಬಿಡುತ್ತಿದ್ದರು. ಮೇಸ್ತ್ರಿಗೆ ಒಂದೇ ಸಲ ಸಾಕು, ಅದೂ ಎಲ್ಲೋ ನೋಡುತ್ತ, ಯಾರನ್ನೋ ಗೇಲಿ ಮಾಡುತ್ತ. ಜಂಬವೂ ಇತ್ತು. ಮೂವತ್ತು ವರ್ಷ ತಪ್ಪು ಮಾಡದವನಿಗೆ ಅಷ್ಟು ಜಂಬ ಇರದಿದ್ದರೆ ಹೇಗೆ?

ವಾಲ್ವಿನ ತೋಳನ್ನು ಎತ್ತುವ ಹೈಡ್ರಾಲಿಕ್ ಲಿಫ್ಟರ್ ಎಂದರೆ ಮಾತ್ರ ಅವನು ಮೂಗು ಮುರಿಯುತ್ತಿದ್ದ. ಅದರ ಹೊಟ್ಟೆಯಲ್ಲಿ ಎಣ್ಣೆ ತುಂಬಿರುತ್ತದೆ. ಸಂದು ಎಷ್ಟಿದ್ದರೂ ಎಣ್ಣೆಯೇ ಉಬ್ಬಿ ಮುಚ್ಚಿಕೊಳ್ಳುತ್ತದೆ. ಗೇಜೂ ಬೇಡ, ಮೇಸ್ತ್ರಿಯೂ ಬೇಡ. ಆದರೆ ಎಂಜಿನ್ ತೀರಾ ವೇಗಕ್ಕೆ ಏರಿದಾಗ ಆ ಎಣ್ಣೆ ಬೇಕಾದ್ದಕ್ಕಿಂತ ಹೆಚ್ಚು ಉಬ್ಬಿ ವಾಲ್ವನ್ನು ಮುಚ್ಚಗೊಡುವುದಿಲ್ಲ, ಎಂಜಿನ್ನಿಗೆ ಏದುಸಿರು ಬರುತ್ತದೆ. ‘ಸೋಮಾರಿಗಳಿಗೆ ಮಾಡಿಸಿದ ಮೆತ್ತನೆ ಹಾಸಿಗೆ ಅದು. ನನ್ನ ಶೆಡ್ಡಿನೊಳಗೆ ತರಬೇಡಿ’ ಎನ್ನುತ್ತಿದ್ದ.

ಅಣ್ಣ ಅತ್ತಿಗೆ ತೀರಿಕೊಂಡ ಮೇಲೆ ಅವರ ಮಗಳನ್ನು ಸಾಕಿದವನೂ ಅವನೇ. ಗೊಂಬೆ ಆಡುವ ವಯಸ್ಸಿನಲ್ಲಿ ಅವಳು ಗೇಜಿನ ಪಟ್ಟಿಗಳಲ್ಲಿ ಆಡಿದಳು. ಕಣ್ಣು ಮುಚ್ಚಿಸಿ, ಅವಳ ಎರಡು ಬೆರಳಿನ ನಡುವೆ ಒಂದು ಪಟ್ಟಿ ಇಟ್ಟು ಮೆಲ್ಲಗೆ ಎಳೆದು, ಅದರ ದಪ್ಪ ಇಂಚಿನ ಸಾವಿರದ ಲೆಕ್ಕದಲ್ಲಿ ‘ಎಷ್ಟು?’ ಎಂದು ಕೇಳುತ್ತಿದ್ದ. ‘ಹನ್ನೆರಡು,’ ‘ಅಲ್ಲ, ಹದಿನಾಲ್ಕು’ ಎನ್ನುತ್ತಿದ್ದಳು ಅವಳು. ಸರಿಯಾದ ದಿನ ಅವನು ಹಿಗ್ಗಿ ಹೀರೇಕಾಯಿ ಆಗುತ್ತಿದ್ದ. ಈಗ ಅವಳಿಗೆ ಇಪ್ಪತ್ತಾರು. ಚಿಕ್ಕಪ್ಪ ಎಂಜಿನ್ ಕಟ್ಟುವ ತಂಡದಲ್ಲೇ ಕಾರು ಓಡಿಸುತ್ತಾಳೆ.

ಎರಡು ತಿಂಗಳ ಹಿಂದೆ ಪಂದ್ಯದ ಐದನೇ ಸುತ್ತಿನಲ್ಲಿ ಅವಳ ಎಂಜಿನ್ ಸತ್ತುಹೋಯಿತು. ಬಿಚ್ಚಿದವನು ಮೇಸ್ತ್ರಿ, ಒಬ್ಬನೇ. ಮೂರನೇ ಸಿಲಿಂಡರಿನಲ್ಲಿ ಹೊಗೆ ಹೊರಬಿಡುವ ವಾಲ್ವಿನ ಅಂಚು ಸುಟ್ಟು ಒಂದು ಚೂರು ಉದುರಿತ್ತು. ವೇಗ ಮಿತಿ ಮೀರಿದ್ದರೆ ವಾಲ್ವ್ ಪಿಸ್ಟನ್ನಿಗೆ ಬಡಿದು ಬಗ್ಗಬೇಕಿತ್ತು. ಇದು ಬಗ್ಗಿರಲಿಲ್ಲ, ಸುಟ್ಟಿತ್ತು. ಸಂದು ಬಿಗಿಯಾಗಿತ್ತು ಎಂದು ಅರ್ಥ. ಬಿಗಿ ಮಾಡಿದವನು ಅವನೇ.

ಬೆರಳು ಜೋಮು ಹಿಡಿಯತೊಡಗಿ ಆಗಲೇ ಅರ್ಧ ವರ್ಷವಾಗಿತ್ತು. ಮೊದಲು ಅಂಗಿಯ ಗುಂಡಿ ಸಿಗದಾಯಿತು. ಹೆಂಡತಿ ಏನೂ ಅನ್ನದೆ ದಿನಾ ಬೆಳಿಗ್ಗೆ ಗುಂಡಿ ಹಾಕಿಕೊಟ್ಟಳು. ನರಗಳು ಸಾಯುತ್ತಿವೆ, ಹೋದ ಸ್ಪರ್ಶ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ಅವಳೊಬ್ಬಳಿಗೆ ಹೇಳಿದ್ದ. ಶೆಡ್ಡಿನಲ್ಲಿ ಪಟ್ಟಿ ಎಳೆದಾಗ ಹಿಡಿತ ಗೊತ್ತಾಗಲಿಲ್ಲ. ಗೊತ್ತಾಗುವವರೆಗೂ ಬಿಗಿ ಮಾಡಿದ್ದ. ಅಷ್ಟೇ ನಡೆದದ್ದು.

ಬಿಚ್ಚಿದ ಎಂಜಿನ್ನಿನ ಮುಂದೆ ತಂಡದ ಧಣಿ ಬಂದು ನಿಂತು ಕೇಳಿದ: “ಹುಡುಗಿ ಎಂಜಿನ್ ಸ್ಪೀಡು ಸಿಕ್ಕಾಪಟ್ಟೆ ಏರಿಸಿದಾಳೆ, ಅಲ್ವಾ ಮೇಸ್ತ್ರಿ?”

ಅಲ್ಲ ಎನ್ನುವುದು ಎಷ್ಟು ಹೊತ್ತಿನ ಕೆಲಸ? ಮೇಸ್ತ್ರಿ ಆ ವಾಲ್ವನ್ನು ಕೈಯೊರೆಸುವ ಬಟ್ಟೆಯಲ್ಲಿ ಸುತ್ತಿಕೊಂಡ. ತಲೆ ಆಡಿಸಿದನೋ ಇಲ್ಲವೋ ಅವನಿಗೇ ನೆನಪಿಲ್ಲ. ಧಣಿಗೆ ಆ ಮೌನವೇ ಸಾಕಾಯಿತು. ವಾರದ ಮೇಲೆ, ತಪ್ಪು ತನ್ನದೇ, ಮತ್ತೊಮ್ಮೆ ಹೀಗಾದರೆ ತಂಡದಲ್ಲಿನ ಜಾಗ ಬಿಟ್ಟುಕೊಡುತ್ತೇನೆ ಎಂದು ಬರೆದ ಕಾಗದಕ್ಕೆ ಅವಳು ಸಹಿ ಹಾಕಿದಳು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದ. ಪೆನ್ನು ಬರೆಯದಾದಾಗ ತನ್ನ ಜೇಬಿನ ಪೆನ್ನನ್ನೂ ಕೊಟ್ಟ. ಆಮೇಲೂ ಬಾಯಿ ಬಿಡಲಿಲ್ಲ. ಇಂಥ ಹೇಡಿಯನ್ನು ನಾನು ಕಂಡಿಲ್ಲ ಅಂತ ತನ್ನನ್ನು ತಾನೇ ಬೈದುಕೊಂಡ. ಬೈಗುಳಕ್ಕೆ ಎಂಜಿನ್ ರಿಪೇರಿಯಾಗುವುದಿಲ್ಲ.

ಈಗ ಹೊಸ ಎಂಜಿನ್ನಿಗೆ ಲಿಫ್ಟರ್ ಆರಿಸಬೇಕಿತ್ತು, ಗೇಜು ಹಿಡಿದು ಸಂದು ಬಿಡಬೇಕಾದ ಗಟ್ಟಿಯದೋ, ಎಣ್ಣೆಯದೋ. ಚಿಕ್ಕಪ್ಪ, ಮಗಳು ಇಬ್ಬರೂ ಬಿಡಿಭಾಗದ ಅಂಗಡಿಗೆ ಹೋದರು.

“ಗಟ್ಟಿ ಲಿಫ್ಟರ್ ತಾನೇ? ನಿಮಗೆ ಅಂತ ಎತ್ತಿಟ್ಟಿದೀನಿ” ಎಂದ ಅಂಗಡಿಯವ.

“ಹೈಡ್ರಾಲಿಕ್ ತೋರ್ಸು” ಎಂದ ಮೇಸ್ತ್ರಿ.

ಅಂಗಡಿಯವ ಅವನ ಮುಖವನ್ನೇ ನೋಡಿದ. “ಕಿವಿ ಸರಿ ಇದೆ ತಾನೇ ನಂದು?” ಎಂದು ನಗುತ್ತ ಎಂಟು ಲಿಫ್ಟರ್ ತಂದು ಸಾಲಾಗಿ ಇಟ್ಟ. “ಎಣ್ಣೆ ತುಂಬಿದೀನಿ, ಒತ್ತಿ ನೋಡಿ. ಹೆಬ್ಬೆಟ್ಟಿಗೆ ಎದುರು ನಿಂತ್ರೆ ಒಳ್ಳೇದು, ಪುಸಕ್ ಅಂದ್ರೆ ಪಕ್ಕಕ್ಕಿಡಿ.”

ಹಳೇ ಚಾಳಿಯಂತೆ ಮೇಸ್ತ್ರಿ ಬಾಗಿಲಾಚೆ ನೋಡುತ್ತ ಒಂದೊಂದನ್ನೇ ಒತ್ತಿದ. ಒಳ್ಳೇದು. ಒಳ್ಳೇದು. ಇದೂ ಒಳ್ಳೇದು. ಎಂಟಕ್ಕೆ ಎಂಟೂ ಒಳ್ಳೇದು.

ಅವಳು ಆರನೆಯದನ್ನು ಎತ್ತಿಕೊಂಡು ಒತ್ತಿದಳು. ಪೆನ್ನಿನ ಗುಂಡಿಯಂತೆ ಅದು ಸಲೀಸಾಗಿ ಒಳಗೆ ಹೋಗಿ ಹೊರಗೆ ಬಂತು. “ಚಿಕ್ಕಪ್ಪ, ಇದ್ರಲ್ಲಿ ಎಣ್ಣೆನೇ ಇಲ್ಲ.”

“ಗೊತ್ತು. ನೀನು ನೋಡ್ತೀಯೋ ಇಲ್ವೋ ಅಂತ ಪರೀಕ್ಷೆ ಮಾಡ್ದೆ.”

ಅಂಗಡಿಯವ ನಕ್ಕ. ಅವಳು ನಗಲಿಲ್ಲ. ಶೆಡ್ಡಿಗೆ ಬಂದು ಲಿಫ್ಟರಿನ ಡಬ್ಬಿಯನ್ನು ಮೇಜಿನ ಮೇಲೆ ಇಟ್ಟಳು.

“ಇದನ್ನ ಹಾಕಿದ್ರೆ ಎಂಜಿನ್ ಮೇಲೆ ಏರಲ್ಲ. ಅದಕ್ಕೇ ತಾನೇ ಆರಿಸಿದ್ದು? ನನ್ನ ಕಾಲಿಗೊಂದು ಕಡಿವಾಣ.”

“ಅದಕ್ಕಲ್ಲ ಪುಟ್ಟಿ.”

“ಧಣಿ ನಂಬಲಿಲ್ಲ, ಹಾಳಾಗಿ ಹೋಗ್ಲಿ. ನಾನು ಏರಿಸಿರ್ಲಿಲ್ಲ ಚಿಕ್ಕಪ್ಪ. ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟೇ ಇರ್ಲಿಲ್ಲ. ಆದ್ರೆ ನೀವು ಸುಮ್ನೆ ಇದ್ರಲ್ಲ... ಚಿಕ್ಕಪ್ಪನೇ ಸುಮ್ನಿದಾರೆ ಅಂದ್ರೆ ನಾನೇ ಸರಿಯಾಗಿ ನೋಡಿಲ್ಲ ಅಂದ್ಕೊಂಡೆ. ಅದಕ್ಕೇ ಸಹಿ ಹಾಕ್ದೆ.”

ಧಣಿಯ ಭಯಕ್ಕಲ್ಲ, ಜಾಗದ ಆಸೆಗಲ್ಲ. ಚಿಕ್ಕಪ್ಪನ ಮೇಲಿನ ನಂಬಿಕೆಯಿಂದ ಅವಳು ತನ್ನ ಕಣ್ಣನ್ನೇ ಸುಳ್ಳು ಮಾಡಿಕೊಂಡಿದ್ದಳು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತ. ಟೂಲ್ ಬಾಕ್ಸಿನ ತಳದಿಂದ ಬಟ್ಟೆಯ ಗಂಟೊಂದನ್ನು ತೆಗೆದು ಅವಳ ಮುಂದೆ ಇಟ್ಟ. ಗಂಟು ಬಿಚ್ಚಲು ಅವನಿಂದಾಗಲಿಲ್ಲ. ಅವಳೇ ಬಿಚ್ಚಿದಳು.

ಒಳಗಿದ್ದ ವಾಲ್ವನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಅದರ ಗುರುತು ಓದಲು ಕಲಿಸಿದವನು ಅವನೇ, ಅರ್ಥ ಹೇಳಬೇಕಾಗಿರಲಿಲ್ಲ.

“ಇದು ಬಗ್ಗಿಲ್ಲ” ಎಂದಳು. “ಸುಟ್ಟಿದೆ.”

“ಹೂಂ.”

“ಅವತ್ತೇ ಗೊತ್ತಿತ್ತಾ?”

“ಗೊತ್ತಿತ್ತು. ಬೆರಳಿಗೆ ಏನೂ ತಿಳೀತಿಲ್ಲ ಪುಟ್ಟಿ. ಇನ್ನು ತಿಳಿಯೋದೂ ಇಲ್ಲ. ನಾಳೆ ಧಣಿಗೆ ಹೇಳ್ತೀನಿ. ನಾನಿಲ್ದಿದ್ರೂ ಓಡೋ ಎಂಜಿನ್ ಬೇಕು ನಿಂಗೆ, ಅದಕ್ಕೇ ಇದನ್ನ...”

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವನ ಜೇಬಿನಿಂದ ಫೀಲರ್ ಗೇಜ್ ತೆಗೆದು ಒಂದು ಪಟ್ಟಿ ಬಿಡಿಸಿದಳು.

“ಕಣ್ಣು ಮುಚ್ಚಿ ಚಿಕ್ಕಪ್ಪ.”

ಮುಚ್ಚಿದ. ಅವಳು ಅವನ ಕೈ ಹಿಡಿದು ಹೆಬ್ಬೆರಳನ್ನೂ ತೋರುಬೆರಳನ್ನೂ ಕೂಡಿಸಿದ್ದು ಮಣಿಕಟ್ಟಿನಲ್ಲಿ ತಿಳಿಯಿತು. ಶೆಡ್ಡಿನ ಹೊರಗೆ ಯಾವುದೋ ಗಾಡಿ ಹಾರ್ನ್ ಮಾಡಿ ಹೋಯಿತು.

“ಪಟ್ಟಿ ಇದೆಯಾ?”

ಒಂದು ಗಳಿಗೆ ಅವನಿಗೆ ಎಲ್ಲ ಸರಿಯಾದಂತೆ ಅನ್ನಿಸಿತು. ಏನೋ ತೆಳ್ಳಗೆ, ತಣ್ಣಗೆ ಬೆರಳಿಗೆ ತಾಗುತ್ತಿದೆ ಎಂದೇ ಅನ್ನಿಸಿತು. “ಇದೆ” ಎಂದ, “ಹದಿನಾರರದು.”

ಕಣ್ಣು ತೆರೆದ. ಅವಳು ಗೇಜನ್ನು ತನ್ನ ಜೇಬಿಗೆ ಹಾಕಿಕೊಂಡು, ಲಿಫ್ಟರಿನ ಡಬ್ಬಿ ಎತ್ತಿಕೊಂಡು ಎಂಜಿನ್ನಿನ ಹತ್ತಿರ ಹೋಗಿ ಆಗಲೇ ಬೆನ್ನು ಮಾಡಿ ನಿಂತಿದ್ದಳು. ಅವನ ಎರಡು ಬೆರಳು ಮಾತ್ರ, ನಡುವೆ ಪಟ್ಟಿಯಿಲ್ಲದೆ, ಇನ್ನೂ ಒತ್ತಿ ಹಿಡಿದೇ ಇದ್ದವು.