ಕೊರಳಗಂಟೆಯ ಕುಲಾಯಿ

ಸಾಯಗಾಂವದಲ್ಲಿ ನಮ್ಮ ಪಕ್ಕದ ಹೊಲದ ಕಾಕುವಿನ ಕೈ ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಕುರಿ ಕಾಯುವಾಗಲೂ ಕಂಕುಳಲ್ಲಿ ಉಣ್ಣೆಯ ಉಂಡೆ, ಬೆರಳಲ್ಲಿ ಹಳೆಯ ಕೊಡೆಯ ಎರಡು ಕಡ್ಡಿ. ಊರ ಕೂಸುಗಳ ತಲೆಗೆಲ್ಲ ಅವಳು ಹೆಣೆದ ಕುಲಾಯಿಯೇ. ನನಗೂ ಹೆಣಿಕೆ ಕಲಿಸಿದಳು. ನಾನು ತಪ್ಪಿದಾಗಲೆಲ್ಲ ಒಂದೇ ಮಾತು: “ಅಳಬ್ಯಾಡ. ಬಿಚ್ಚು, ಮತ್ತ ಹೆಣಿ.”

ನಿಜಾಮನ ಕಾಲದ, ಪೊಲೀಸ್ ಆ್ಯಕ್ಷನ್ನಿಗೆ ಮುಂಚಿನ ಗದ್ದಲದ ದಿನಗಳವು. ಬಂದೂಕಿನವರು ಬರುತ್ತಾರೆಂಬ ಸುದ್ದಿಗೆ ಊರೇ ನಸುಕಿನಲ್ಲಿ ಹೊರಟಿತು. ಎತ್ತು ಬಿಟ್ಟು ಹೋದರೆ ಮುಂದೆ ಹೊಲವಿಲ್ಲ. ಗಂಟೆ ತೆಗೆದು ಎತ್ತಿನ ಕೊರಳು ಬರಿದು ಮಾಡುವುದು ಅಪಶಕುನ. ಹಾಗಾಗಿ ಸಪ್ಪಳವಾಗದಂತೆ ಕಾಕು ತನ್ನ ಜೋಡೆತ್ತಿನ ಎರಡೂ ಗಂಟೆಗಳಿಗೆ ದಪ್ಪ ಕುಲಾಯಿ ಹೆಣೆದು ತೊಡಿಸಿದ್ದಳು.

ಗಂಟೆ ನುಡಿಯಲಿಲ್ಲ. ಆದರೆ ಗಂಟೆಯ ನಾದಕ್ಕೇ ನಡೆದು ಬೆಳೆದ ಎತ್ತುಗಳು ಹೆಜ್ಜೆಯನ್ನೇ ಕೀಳಲಿಲ್ಲ.

“ನೀ ಮಂದಿ ಜೋಡಿ ನಡಿ. ನಾ ಎತ್ತು ಹೊಡಕೊಂಡು ಬರ್ತೇನಿ,” ಎಂದ ಅವಳ ಗಂಡ.

ನಾವು ಹಳ್ಳ ದಾಟುವಾಗ ಹಿಂದಿನಿಂದ ಗಂಟೆ ಕೇಳಿಸಿತು. ಕಾಕು ನಿಂತುಬಿಟ್ಟಳು. ಆಮೇಲೆ ಬಂದೂಕು ಕೇಳಿಸಿತು.

ಆಮೇಲೆ ಸಿಕ್ಕ ಅವಳ ಗಂಡನ ಹೆಣದ ರುಮಾಲಿನ ತುದಿಯಲ್ಲಿ, ಗಂಟೆಗಳಿಂದ ಕಳಚಿದ ಎರಡೂ ಕುಲಾಯಿಗಳು ಜೋಪಾನವಾಗಿ ಕಟ್ಟಿದಂತೆಯೇ ಇದ್ದವು. ಹೆಂಡತಿಯ ಹೆಣಿಕೆ ಕೆಸರಾಗಬಾರದೆಂದು ಕಟ್ಟಿಕೊಂಡಿದ್ದನೇನೋ.

ಊರಿಗೆ ಮರಳಿದ ಮೇಲೆ ಕಾಕು ಒಬ್ಬಳೇ ಹೊಲ ಮಾಡಿದಳು. ಹೆಣೆಯುವುದನ್ನೂ ಬಿಡಲಿಲ್ಲ. ಆ ಎರಡು ಕುಲಾಯಿ ಮಾತ್ರ ಗೂಟಕ್ಕೆ ತೂಗುತ್ತಿದ್ದವು. ನೋಡಲಾರದೆ ಒಂದು ದಿನ ಹೇಳಿದೆ: “ಕಾಕು, ಅವು ಬಿಚ್ಚಿ ಬ್ಯಾರೆ ಏನರೆ ಹೆಣೀರಿ.”

ಅವಳ ಕಡ್ಡಿ ನಿಲ್ಲಲಿಲ್ಲ.

“ಹ್ಯಾಂಗ ಬಿಚ್ಚಲಿ, ಮಗಾ? ಅದರಾಗ ಒಂದು ಗಂಟೂ ತಪ್ಪಿಲ್ಲ.”