ಬಾನೆಟ್ಟಿನೊಳಗಿನ ಹಲ್ಲಿ

ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದೆ. ಪಾಂಡವಪುರದ ಗ್ಯಾರೇಜಿನಿಂದ ಬಂದ ನಮ್ಮ ಯಜಮಾನರು ಚಪ್ಪಲಿಯನ್ನೂ ಬಿಡದೆ ಅತ್ತೆಗೆ, "ಅವ್ವ, ಕಾರೊಳ್ಗೆ ಹಲ್ಲೀನೇ ಇಲ್ವಂತೆ" ಎಂದರು.

ನಾದಿನಿಯ ಮದುವೆ ಗೊತ್ತಾಗಿದ್ದೇ ಆ ಹಲ್ಲಿಯ ಮಾತಿನ ಮೇಲೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ಕೊಂಡ ಹೊಸ ಕಾರು ಅದು. ಮಾತಿನ ನಡುವೆ ಹಲ್ಲಿ ನುಡಿದರೆ ಆ ಮಾತು ನಿಜವಾಗುತ್ತದೆಂದು ನಮ್ಮ ಅತ್ತೆ ನಂಬಿದವರು, ನಾನೂ ನಂಬುತ್ತೇನೆ. ನಾದಿನಿಗೆ ಎರಡು ಸಂಬಂಧ ಬಂದಿದ್ದವು. ಕ್ಯಾತನಹಳ್ಳಿಯ ಮೇಷ್ಟರ ಮಾತನ್ನು ಅತ್ತೆ ಎತ್ತಿದ್ದು ಬೆಳಿಗ್ಗೆ, ಮನೆ ಮುಂದೆ ಕಾರು ಸ್ಟಾರ್ಟ್ ಆದ ಕೂಡಲೇ. ಏನೂ ನುಡಿಯಲಿಲ್ಲ. ಕೆ.ಆರ್. ಪೇಟೆ ಗಂಡಿನ ಮಾತು ಬಂದದ್ದು ಅವರ ಮನೆ ನೋಡಿಕೊಂಡು ವಾಪಸು ಬರುವಾಗ, ಕೆರೆ ಏರಿಯ ಮೇಲೆ ಎಮ್ಮೆಗಳು ಅಡ್ಡ ನಿಂತಿದ್ದಾಗ. ಬಾನೆಟ್ಟಿನೊಳಗಿಂದ ಟಕ್ ಟಕ್ ಟಕ್ ಎಂದಿತು. ಅತ್ತೆ ಸೀಟನ್ನು ಬೆರಳಲ್ಲಿ ಕುಟ್ಟಿ "ಕೃಷ್ಣ ಕೃಷ್ಣ" ಎಂದರು. ಅಲ್ಲಿಗೆ ತೀರ್ಮಾನ. ಮೇಷ್ಟರನ್ನು ಮೆಚ್ಚಿದ್ದೇನೆಂದು ನಾದಿನಿ ನನ್ನೊಬ್ಬಳ ಹತ್ತಿರ ಹೇಳಿಕೊಂಡು ಅತ್ತಿದ್ದಳು. ಬಿಸಿಗೆ ಹಲ್ಲಿ ಸತ್ತು ಪಾಪ ಸುತ್ತಿಕೊಂಡೀತು, ಹುಷಾರಾಗಿ ತೆಗೆಸಿಕೊಂಡು ಬಾ ಎಂದು ಅತ್ತೆಯೇ ಕಾರನ್ನು ಗ್ಯಾರೇಜಿಗೆ ಕಳಿಸಿದ್ದರು.

"ಮತ್ತೆ ನುಡಿದದ್ದು ಏನ್ಲಾ?" ಎಂದರು ಅತ್ತೆ.

"ವಾಲ್ವು ಕಣವ್ವ. ಟ್ಯಾಂಕಿನ ಪೆಟ್ರೋಲು ಆವಿಯಾಗ್ತದಲ್ಲ, ಅದು ಒಂದು ಇದ್ದಿಲಿನ ಡಬ್ಬೀಲಿ ಸೇರ್ಕತದೆ. ಇಂಜಿನ್ನು ಬಿಸಿಯಾದ್ಮೇಲೆ ಕಾರಿನ ಕಂಪ್ಯೂಟರು ವಾಲ್ವ ತೆಗ್ದು ಮುಚ್ಚಿ, ತೆಗ್ದು ಮುಚ್ಚಿ, ಆ ಆವೀನ ಇಂಜಿನ್ನಿಗೆ ಎಳಸಿ ಸುಡ್ತದಂತೆ. ಅದ್ರ ಸದ್ದು. ತಣ್ಣಗಿದ್ರೆ ತೆಗೆಯಾಕಿಲ್ಲ."

ಅತ್ತೆ ಸೆರಗು ಸಿಕ್ಕಿಸಿಕೊಂಡು ಎದ್ದರು.

"ಅಂಗಾದ್ರೆ ಮೇಷ್ಟ್ರಿಗೆ ಮೋಸ ಆಯ್ತು ಕಣ್ಲಾ. ತಣ್ಣಗಿದ್ದಾಗ ಕೇಳ್ಬುಟ್ಟೊ. ನಡೀರಿ, ಬಿಸಿ ಮಾಡಿ ಇನ್ನೊಂದ್ಸಲ ಕೇಳವ."

"ಅವ್ವ, ಅದು ಮಿಷನ್ನು!"

"ದೇವ್ರಿಗೆ ಹಲ್ಲಿ ಆದ್ರೇನು, ವಾಲ್ವಾದ್ರೇನು? ಎತ್ಲಾ ಗಾಡಿಯ."

ನಾದಿನಿಯನ್ನೂ ಕೂರಿಸಿಕೊಂಡು ತೊಣ್ಣೂರು ಕೆರೆಯವರೆಗೆ ಓಡಿಸಿ ಇಂಜಿನ್ ಬಿಸಿ ಮಾಡಿದೆವು. ಅದನ್ನು ಆರಿಸದೆ ಕಾರು ನಿಲ್ಲಿಸಿ, ಅತ್ತೆ ಬಾನೆಟ್ಟಿಗೆ ಕುಂಕುಮವಿಟ್ಟು ಕೇಳಿದರು: "ಕ್ಯಾತ್ನಳ್ಳಿ ಮೇಷ್ಟ್ರು?"

ಟಕ್ ಟಕ್ ಟಕ್. ನಾದಿನಿ ನನ್ನ ಕೈ ಹಿಡಿದುಕೊಂಡಳು.

ನ್ಯಾಯ ಅಂದರೆ ನ್ಯಾಯ ಎಂದು ಅತ್ತೆ ಇನ್ನೊಂದನ್ನೂ ಕೇಳಿದರು: "ಕೆ.ಆರ್. ಪೇಟೆಯೋರು?"

ಟಕ್ ಟಕ್ ಟಕ್.

"ಇದೇನ್ಲಾ, ಇಬ್ರಿಗೂ ಊಂ ಅಂತದೆ!"

"ಎಮ್ಮೆ ಮಾರ್ಬುಡ್ಲಾ ಅಂತ ಕೇಳು, ಅದ್ಕೂ ಊಂ ಅಂತದೆ" ಎಂದರು ಯಜಮಾನರು.

ಅತ್ತೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಮಗಳ ಕಡೆ ತಿರುಗಿದರು. "ಅದೇನೋ ಇಬ್ರನ್ನೂ ಒಪ್ತದೆ. ನೀನು ಯಾರ್ನ ಒಪ್ತೀಯವ್ವ?"

ಅಷ್ಟು ದಿನದ ಮಾತುಕತೆಯಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. "ಮೇಷ್ಟ್ರು" ಎಂದಳು, ವಾಲ್ವಿನ ಸದ್ದಿಗಿಂತ ಮೆಲ್ಲಗೆ.

"ಇದ್ನ ಮೊದ್ಲೇ ಬೊಗಳಕ್ಕೇನಾಗಿತ್ತು ನಿಂಗೆ? ಸುಮ್ನೆ ಪೆಟ್ರೋಲು ಸುಟ್ಟೊ" ಎಂದು ಅತ್ತೆ ಕಾರು ಹತ್ತಿದರು.

ದೇವರು ಯಾವ ದಾರಿಯಲ್ಲಿ ಉತ್ತರ ಕೊಡುತ್ತಾನೋ ನನಗೆ ತಿಳಿಯದು. ಆ ದಿನ ಎರಡಕ್ಕೂ ಹೂಂ ಎನಿಸಿದ್ದನ್ನು ಅವನ ಕರುಣೆಯೆಂದೇ ಎಣಿಸಿದ್ದೇನೆ.

ಮನೆಗೆ ಬಂದು ಕೈಕಾಲು ತೊಳೆದು, ಮುದ್ದೆಗೆ ಎಸರಿಟ್ಟೆ.