ಝೆಲಿಂಡಾ ಕೂಗಿದ ಭಾನುವಾರ

ನಮ್ಮೂರ ರಂಗಮಂದಿರದ ವೇದಿಕೆಯ ಅಂಚಿನಲ್ಲೊಂದು ಗುಂಡಿಯಿತ್ತು. ಮೇಲೆ ಮರದ ಮರೆ, ಒಳಗೊಂದು ಸ್ಟೂಲು, ಒಂದು ಬಲ್ಬು. ಝೆಲಿಂಡಾ ಅದರಲ್ಲಿ ಕೂತು ಹಾಡುಗಾರರಿಗೆ ಮುಂದಿನ ಸಾಲನ್ನು ಪಿಸುದನಿಯಲ್ಲಿ ಎತ್ತಿಕೊಡುತ್ತಿದ್ದಳು. ಮೊದಲು ಅವಳಪ್ಪ ಮಾಡುತ್ತಿದ್ದ ಕೆಲಸ. ಕಾಲು ಊದಿಕೊಂಡು ಗುಂಡಿಗೆ ಇಳಿಯಲಾಗದಿದ್ದಾಗ ಮಗಳನ್ನು ಕೂರಿಸಿದ. ಬೆಳಗ್ಗೆಯೆಲ್ಲ ಆಸ್ಪತ್ರೆಯ ಚಾದರಗಳಿಗೆ ಇಸ್ತ್ರಿ ಹಾಕಿ, ಮಧ್ಯಾಹ್ನದ ಮೇಲೆ ಇಲ್ಲಿ ಬಂದು ಕೂರುವಳು. ಸಂಗೀತವೆಂದರೆ ಅವಳಿಗೆ ಅಂಥ ಪ್ರೀತಿಯೇನೂ ಇರಲಿಲ್ಲ. ನಾನು ಮೇಳದಲ್ಲಿ ವಿಯೋಲಾ ನುಡಿಸುತ್ತಿದ್ದೆ, ಅವಳ ಗುಂಡಿಗೆ ಒತ್ತಿಕೊಂಡೇ ನನ್ನ ಕುರ್ಚಿ. ವಿರಾಮದಲ್ಲಿ ಇಣುಕಿದರೆ ಕೂತಲ್ಲೇ ತೂಕಡಿಸುತ್ತಿರುತ್ತಿದ್ದಳು.

ಯುದ್ಧ ಮುಗಿದು ಹತ್ತು ವರ್ಷವಾಗಿತ್ತು. ಊರಿಗೆ ಹೊಸ ಮೇಯರ್ ಬಂದ. ನಮ್ಮೂರವನೇ ಯಾವುದೋ ಕಾಲದಲ್ಲಿ ಬರೆದ 'ಕಿವುಡ ಮದುಮಗ' ಅನ್ನುವ ನಗೆ ಒಪೆರಾವನ್ನು ಆಡಿಸಲೇಬೇಕೆಂದು ಹಟ ಹಿಡಿದ. ಅದನ್ನು ನೋಡಿದವರು ಯಾರೂ ಬದುಕಿರಲಿಲ್ಲ. ಕತೆ ಇಷ್ಟೇ: ಮುದುಕ ಎಣ್ಣೆ ವ್ಯಾಪಾರಿಯೊಬ್ಬ ಮದುವೆಯ ಹಿಂದಿನ ದಿನ ಕಿವುಡನಂತೆ ನಟಿಸಿ, ಮನೆಮಂದಿ ತನ್ನ ಬಗ್ಗೆ ಏನೇನು ಆಡಿಕೊಳ್ಳುತ್ತಾರೆಂದು ಕೇಳಿಸಿಕೊಳ್ಳುತ್ತಾನೆ.

ಮುದುಕನ ಪಾತ್ರಕ್ಕೆ ಎವಾರಿಸ್ತೊ ಬಂದ. ಹಳ್ಳಿಹಳ್ಳಿ ಸುತ್ತಿ ಜನರನ್ನು ನಗಿಸಿ ನಗಿಸಿ ಸವೆದುಹೋದ ಮನುಷ್ಯ. ತಾಲೀಮಿನ ಮೂರನೇ ದಿನ ಅವನು ಝೆಲಿಂಡಾಳನ್ನು ಕಾಫಿ ಅಂಗಡಿಗೆ ಕರೆದ. ನಾನೂ ಜೊತೆಗಿದ್ದೆ.

"ಸಿನ್ಯೋರಾ, ನನಗೆ ಎಡಗಿವಿ ಸತ್ತೇಹೋಗಿದೆ. ಬಲಗಿವೀಲಿ ತಂಬೂರಿ ಥರ ಗುಂಯ್ ಅನ್ನುತ್ತೆ, ಹತ್ರ ಬಂದು ಕೂಗಿದ್ರೆ ಮಾತ್ರ ಸ್ವಲ್ಪ ಕೇಳ್ಸುತ್ತೆ. ಮೇಳ ನಡೆಸೋ ಮಾಯೆಸ್ತ್ರೊಗೆ ಗೊತ್ತಾದ್ರೆ ಮನೆಗೆ ಕಳಿಸ್ತಾನೆ. ನೀವು ತುಟಿ ದೊಡ್ಡದಾಗಿ ಆಡ್ಸಿ, ನಾನು ನೋಡ್ಕೊಂಡು ಹಾಡ್ತೀನಿ."

"ತಾಳ?"

"ಆ ಮನುಷ್ಯ ಕೋಲು ಬೀಸ್ತಾನಲ್ಲ, ಅದು ಕಾಣುತ್ತೆ."

ಝೆಲಿಂಡಾ ಅವನ ಮುಖ ನೋಡಿದಳು. "ಬೇರೆ ಕೆಲ್ಸ ಹುಡುಕ್ಬಾರ್ದಾ ಮಾರಾಯ?"

"ಈ ವಯಸ್ಸಲ್ಲಿ?"

ಅವಳು ಕಾಫಿ ಕುಡಿದು ಎದ್ದಳು. ಅಂದಿನಿಂದ ತುಟಿ ಆಡಿಸಿ ಆಡಿಸಿ ಅವಳ ದವಡೆ ನೋಯತೊಡಗಿತು. ಮನೆಗೆ ಹೋದರೆ ಬಾಯಿ ತೆರೆಯಲೂ ಬೇಸರವಂತೆ. "ಏನೇ, ಕೋಪಾನಾ?" ಎಂದು ಗಂಡ ನಝರೇನೊ ಕೇಳಿದ್ದಕ್ಕೆ ತಲೆಯಾಡಿಸಿ ಮಲಗಿಬಿಟ್ಟಳಂತೆ.

ಭಾನುವಾರ ಮಧ್ಯಾಹ್ನ ಆಟ. ಮಂದಿರ ತುಂಬಿತ್ತು. ಮೊದಲ ಅಂಕ ಹೇಗೋ ದಾಟಿತು. ಎರಡನೆಯದರಲ್ಲಿ ಎವಾರಿಸ್ತೊ ಒಬ್ಬನೇ ನಿಂತು ಹಾಡಬೇಕು. ಅಷ್ಟರಲ್ಲಿ ಗುಂಡಿಯ ಬಲ್ಬು ಟಪ್ಪೆಂದಿತು. ಅವಳ ತುಟಿ ಕಾಣಲಿಲ್ಲ. ಎವಾರಿಸ್ತೊ ಬಾಯಿ ತೆರೆದು ನಿಂತುಬಿಟ್ಟ.

ಝೆಲಿಂಡಾ ಪಿಸುಗುಟ್ಟಿದಳು. ಆಮೇಲೆ ಸ್ವಲ್ಪ ಜೋರಾಗಿ. ಕೊನೆಗೆ ಮಂದಿರವೇ ನಡುಗುವಂತೆ, "'ನನ್ನ ಟೋಪಿ ಕದ್ದೋರ‍್ಯಾರು!' ಅನ್ನಯ್ಯಾ!" ಎಂದು ಕೂಗಿದಳು.

ಜನರ ನಗೆ ಸಿಡಿಯಿತು. ಕಿವುಡ ಮದುಮಗನಿಗೆ ನೆಲದೊಳಗಿಂದ ಹೆಂಗಸೊಬ್ಬಳು ಕಿರುಚಿ ಹೇಳುವುದೂ ಆಟದ್ದೇ ಅಂದುಕೊಂಡರು. ಎವಾರಿಸ್ತೊನಿಗೆ ನಗು ಕೇಳಿಸಲಿಲ್ಲ, ಬಾಯಿಗಳು ಕಂಡವು. ಮೊಣಕಾಲೂರಿ, ಗುಂಡಿಯ ಬಾಯಿಗೆ ಬಲಗಿವಿ ಒಡ್ಡಿ ಕೇಳಿದ: "ಏನಂದ್ರೀ ಸಿನ್ಯೋರಾ?" ಜನ ಹೊಟ್ಟೆ ಹಿಡಿದುಕೊಂಡರು. ಆಟ ಮುಗಿಯುವವರೆಗೂ ಅವಳು ಕೂಗಿದಳು, ಅವನು ಹಾಡಿದ. ನಾವು ಹಿಂದೆ ಹಿಂದೆ ನುಡಿಸಿಕೊಂಡು ಓಡಿದೆವು.

ಆಟ ಮುಗಿದ ಮೇಲೆ ಒಳಕೋಣೆಗೆ ಹೋದೆ. ಎವಾರಿಸ್ತೊ ಅರ್ಧ ಬಣ್ಣ ಒರೆಸಿಕೊಂಡು ಕೂತಿದ್ದ. ಝೆಲಿಂಡಾ ಅವನೆದುರು ನಿಂತು ತುಟಿಯಾಡಿಸಿದಳು: "ಬೇಜಾರಾಯ್ತಾ?"

"ಜನ ನಕ್ಕಿದ್ದು ನನ್ನ ಕಿವುಡುತನಕ್ಕೆ ಅಲ್ವಾ," ಎಂದ. "ಹೋಗ್ಲಿ. ನಕ್ರಲ್ಲ."

ಅಷ್ಟರಲ್ಲಿ ಮಾಯೆಸ್ತ್ರೊ ಕುಣಿಯುತ್ತ ಬಂದ. "ಅದ್ಭುತ! ಮುಂದಿನ ವಾರಾನೂ ಹೀಗೇ ಮಾಡ್ಬೇಕು. ಎವಾರಿಸ್ತೊ, ಕಿವುಡನ ಥರ ಎಷ್ಟು ಚೆನ್ನಾಗಿ ನಟಿಸ್ತೀಯೋ!"

ಎವಾರಿಸ್ತೊ ಅವನ ತುಟಿಯನ್ನೇ ನೋಡುತ್ತಿದ್ದ. "ನಟಿಸ್ಲಿಲ್ಲ ಮಾಯೆಸ್ತ್ರೊ. ನಿಜವಾಗ್ಲೂ ಕೇಳಿಸಲ್ಲ."

ಮಾಯೆಸ್ತ್ರೊ ಪೆಚ್ಚಾದ. ಮುಂದಿನ ವಾರ ಬೇರೆಯವನನ್ನು ತರಲು ಅವನಿಗೆ ದಾರಿಯಿರಲಿಲ್ಲ, ಆ ಪಾತ್ರ ಬಲ್ಲವನು ಇಡೀ ದೇಶದಲ್ಲೇ ಇನ್ನೊಬ್ಬನಿರಲಿಲ್ಲ. ಹಾಗಾಗಿ ಅದನ್ನೇ ಬೇಕೆಂದು ಆಡಿದರು. ಎಲ್ಲಿ ಕೂಗಬೇಕು, ಎಲ್ಲಿ ಬಗ್ಗಬೇಕು ಎಂದು ಮೊದಲೇ ಗೊತ್ತುಮಾಡಿಕೊಂಡು. ಝೆಲಿಂಡಾ ದುಡಿದು ದಣಿದ ದನಿಯಲ್ಲಿ ಕೂಗಿದಳು. ಮುಂದಿನ ಸಾಲಿನವರು ಮರ್ಯಾದೆಗೆ ನಕ್ಕರು, ಹಿಂದಿನವರು ಕೆಮ್ಮಿದರು. ಮೇಯರ್ ಅರ್ಧಕ್ಕೇ ಎದ್ದುಹೋದ. ಅಲ್ಲಿಗೆ ಆ ಒಪೆರಾ ಮತ್ತೆ ಕಪಾಟು ಸೇರಿತು.

ಎವಾರಿಸ್ತೊ ಕಡಲತೀರದ ಪೇಸಾರೊದಲ್ಲಿದ್ದ ತಂಗಿಯ ಮನೆಗೆ ಹೋದ. ಅಲ್ಲಿ ಮೀನುಬಲೆ ಹೊಲಿಯುತ್ತ ನೆಮ್ಮದಿಯಾಗಿದ್ದಾನೆಂದು ಕೇಳಿದೆ. ಝೆಲಿಂಡಾ ಇನ್ನೆರಡು ಚಳಿಗಾಲ ಗುಂಡಿಗಿಳಿದಳು, ಆಮೇಲೆ ಮಂಡಿ ಮಡಚಲಾಗದೆ ಬಿಟ್ಟಳು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಗುಂಡಿಗೆ ಹಲಗೆ ಹೊಡೆದರು.

ವರ್ಷಗಳಾದ ಮೇಲೆ ಒಮ್ಮೆ ಮಾರುಕಟ್ಟೆಯಲ್ಲಿ ಸಿಕ್ಕಳು, ಚೀಲದ ತುಂಬ ಸೊಪ್ಪು. ಆ ಒಪೆರಾ ನಿಜಕ್ಕೂ ಚೆನ್ನಾಗಿತ್ತಾ ಎಂದು ಕೇಳಿದೆ.

"ಮೂರನೇ ಅಂಕ ಬಹಳ ಉದ್ದ," ಎಂದಳು. ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಏರು ಹತ್ತತೊಡಗಿದಳು.